ಪೈಲ್ವಾನನ ಗುರುತು ಒಂದು ಗೇಣು ಕೆಳಗಿದೆ

ಮಾನ್ಯ ಪ್ರಾಣಿ ರಫ್ತು ತಪಾಸಣಾಧಿಕಾರಿಗಳೇ,

ಕಳೆದ ಗುರುವಾರ ನಿಮ್ಮ ಮೇಜಿನ ಮುಂದೆ ನಿಂತು, ನಿಮ್ಮ ಬೂಟು ಮೂಸಿ, ಒಮ್ಮೆ ಜೋರಾಗಿ ಸೀನಿದ ನಮ್ಮ ನಾಯಿಯನ್ನು ನೀವು "ಗುರುತಿಲ್ಲದ ಪ್ರಾಣಿ" ಎಂದು ಬರೆದು ವಾಪಸು ಕಳಿಸಿದಿರಿ. ಗುರುತು ಇದೆ. ಅದರ ಗುರುತಿನ ಸಂಖ್ಯೆ ಹೊತ್ತ, ಚರ್ಮದಡಿ ಕೂರಿಸಿದ ಅಕ್ಕಿಕಾಳಿನಷ್ಟು ಚಿಪ್ ನೀವು ಹುಡುಕಿದ ಜಾಗಕ್ಕಿಂತ ಒಂದು ಗೇಣು ಕೆಳಗಿದೆ. ಆ ಒಂದು ಗೇಣು ಕೈ ಇಳಿಸಲು ತಾವು ಒಪ್ಪಲಿಲ್ಲ. ಈ ಬಹಿರಂಗ ಪತ್ರ ಆ ಗೇಣಿನ ಬಗ್ಗೆ.

ನನಗೆ ಮದುವೆಯಾಗಿ ಇನ್ನೂ ವರ್ಷ ತುಂಬಿಲ್ಲ. ಗಂಡನ ಸುದ್ದಿ ತೆಗೆದರೆ ಇವಳು ನಿಲ್ಲಿಸುವುದಿಲ್ಲ ಎಂಬ ದೂರು ನನ್ನ ಮೇಲಿದೆ. ಹಾಗಾಗಿ ಒಂದೇ ಮಾತಿನಲ್ಲಿ ಮುಗಿಸುತ್ತೇನೆ: ನಮ್ಮವರಂಥವರು ಇನ್ನೊಬ್ಬರಿಲ್ಲ. ಅವರ ಕೆಲಸ ಬ್ರೆಡ್ ಬೇಯಿಸುವುದು. ಹತ್ತಿರ ಬಂದರೆ ಈಗ ತಾನೇ ಒಲೆಯಿಂದ ತೆಗೆದ ಬನ್ನಿನ ವಾಸನೆ. (ಒಂದೇ ಮಾತು ಎಂದಿದ್ದೆ, ಕ್ಷಮಿಸಿ.) ಸಮುದ್ರದಾಚೆಯ ದ್ವೀಪದೇಶದ ಬೇಕರಿಯೊಂದು ಅವರನ್ನು ಕರೆಸಿಕೊಂಡಿತು. ನಾನು ಹಿಂದೆ ಉಳಿದದ್ದು ಪೈಲ್ವಾನನಿಗಾಗಿ. ನಾನು ಅವರ ಬಾಳಿಗೆ ಬರುವ ಎಷ್ಟೋ ವರ್ಷ ಮೊದಲೇ ಬೇಕರಿಯ ಹಿಂಬಾಗಿಲಲ್ಲಿ ಸಿಕ್ಕಿದ ನಾಯಿ ಅದು. ಹೆಸರಷ್ಟೇ ಪೈಲ್ವಾನ, ಪೊರಕೆ ಕಂಡರೆ ಮಂಚದ ಕೆಳಗೆ.

ಆ ದೇಶದಲ್ಲಿ ಹುಚ್ಚುನಾಯಿ ರೋಗವಿಲ್ಲ. ಬರಲೂ ಬಾರದು ಎಂದು ಅವರು ಕಟ್ಟುನಿಟ್ಟು ಮಾಡಿದ್ದಾರೆ. ಮೊದಲು ಚಿಪ್, ಆಮೇಲೆ ಲಸಿಕೆ, ಆಮೇಲೆ ರಕ್ತಪರೀಕ್ಷೆ, ಆಮೇಲೆ ತಿಂಗಳುಗಟ್ಟಲೆ ಕಾಯುವುದು, ಅಲ್ಲಿ ಇಳಿದ ಮೇಲೂ ಪ್ರತ್ಯೇಕ ವಾಸ. ಇದಕ್ಕೆ ನನ್ನ ತಕರಾರಿಲ್ಲ. ಆದರೆ ನನ್ನನ್ನು ಒಳಗೆ ಬಿಡಲು ಅವರು ಕೇಳಿದ್ದು ಮದುವೆಯ ಪ್ರಮಾಣಪತ್ರ ಮತ್ತು ನಾಲ್ಕು ಫೋಟೊ ಮಾತ್ರ. ಅತ್ತೆಗೆ ಇದು ಸರಿಬರಲಿಲ್ಲ. "ಮೊದಲು ನಿನ್ನ ತಪಾಸಣೆ ಮಾಡ್ಬೇಕಿತ್ತು ಕಣೇ. ಬಾಯಿ ಮುಚ್ಚಲ್ಲ ಅಂತಾದ್ರೂ ಅವರಿಗೆ ಗೊತ್ತಾಗ್ತಿತ್ತು" ಎಂದರು.

ಹೊಸ ದಂಪತಿಗಳ ಕೋಣೆಯಲ್ಲಿ ಏನಿರಬೇಕೋ ನನಗೆ ಗೊತ್ತಿಲ್ಲ, ನಮ್ಮ ಕೋಣೆಯಲ್ಲಿ ಇರುವುದು ವಿಮಾನದ ನಾಯಿಪೆಟ್ಟಿಗೆ. ಪೈಲ್ವಾನ ಅದರ ಹತ್ತಿರವೂ ಸುಳಿಯುತ್ತಿರಲಿಲ್ಲ. ಹಳೆಯ ಕಂಬಳಿ ಹಾಸಿದೆ, ನಮ್ಮವರ ಬನಿಯನ್ ಇಟ್ಟೆ, ಬಿಸ್ಕತ್ತು ಇಟ್ಟೆ. ಕೊನೆಗೆ ಹೆದರಿಕೆ ಏನಿಲ್ಲ ಎಂದು ತೋರಿಸಲು ನಾನೇ ಮಂಡಿಯೂರಿ ಒಳಗೆ ನುಗ್ಗಿ ಕೂತೆ. ಅತ್ತೆ ಬಾಗಿಲಲ್ಲಿ ನಿಂತು ನೋಡಿ, ಮಗನಿಗೆ ಫೋನು ಹಚ್ಚಿದರು.

"ನಿನ್ನ ಹೆಂಡ್ತಿ ಪೆಟ್ಟಿಗೆ ಒಳಗೆ ಕೂತಿದಾಳೆ ಕಣೋ. ಹೀಗೇ ಪಾರ್ಸಲ್ ಮಾಡ್ಲಾ?"

"ಮಾಡಮ್ಮ. ಉಸಿರಾಡಕ್ಕೆ ಜಾಗ ಬಿಡು."

ಫೋನಿನಲ್ಲಿ ಆ ದನಿ ಕೇಳಿದ್ದೇ ಪೈಲ್ವಾನ ಬಂದು, ನನ್ನನ್ನು ದಬ್ಬಿ, ಒಳಗೆ ಮಲಗಿದ. ಅಂದಿನಿಂದ ಅದು ಅವನ ಮನೆ. ಇಷ್ಟೆಲ್ಲ ಆಗಿ, ಚಿಪ್ಪಿನಿಂದ ರಕ್ತಪರೀಕ್ಷೆಯವರೆಗೆ ಎಲ್ಲ ಮುಗಿದು, ಕಾಯುವ ತಿಂಗಳುಗಳೂ ಮುಗಿದು, ನಿಮ್ಮದೊಂದು ಸಹಿ ಮಾತ್ರ ಉಳಿದಿತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಮಾತು ಸುಮ್ಮನೆ ಹುಟ್ಟಿದ್ದಲ್ಲ.

ಪೈಲ್ವಾನನ ಚರ್ಮ ಸಡಿಲ. ಚಿಪ್ ಜಾರಿ ಎಡ ಮೊಣಕೈ ಹತ್ತಿರ ನಿಂತಿದೆ. ಮುದಿನಾಯಿಗಳಲ್ಲಿ ಇದು ಆಗುವುದುಂಟು, ತೊಂದರೆಯಿಲ್ಲ ಎಂದು ನಮ್ಮ ಪಶುವೈದ್ಯೆ ಹೇಳಿದ್ದರು. ನಾನು ತಮಗೆ ಅದನ್ನೇ ಹೇಳಿದೆ. ತಾವು ಚಿಪ್ ಓದುವ ಯಂತ್ರವನ್ನು ಭುಜಗಳ ನಡುವೆ ಎರಡು ಸಲ ಆಡಿಸಿ ಕೆಳಗಿಟ್ಟಿರಿ.

"ಭುಜದ ಮಧ್ಯೆ ಇರ್ಬೇಕಮ್ಮ. ಅಲ್ಲಿಲ್ಲ ಅಂದ್ರೆ ಇಲ್ಲ."

"ಸ್ವಲ್ಪ ಕೆಳಗೆ ಹಿಡೀರಿ ಸಾರ್, ಮೊಣಕೈ ಹತ್ರ."

"ಮೊಣಕೈ ನಮ್ಮ ಸುತ್ತೋಲೆಯಲ್ಲಿಲ್ಲ."

ಜೊತೆಗೆ ಬಂದಿದ್ದ ಅತ್ತೆಗೆ ತಡೆಯಲಾಗಲಿಲ್ಲ. "ನನ್ನ ಕನ್ನಡಕ ಮೂಗಿಂದ ಜಾರಿದ್ರೆ, ಈ ಮುದುಕಿಗೆ ಕನ್ನಡಕಾನೇ ಇಲ್ಲ ಅಂತ ಬರ್ಕೊಳ್ತೀರೇನಪ್ಪಾ?"

ತಾವು ನಗಲಿಲ್ಲ. ಹೊಸ ಚಿಪ್ ಹಾಕಿಸಿ ಬನ್ನಿ, ಐದು ನಿಮಿಷದ ಕೆಲಸ ಎಂದಿರಿ. ನಿಜ, ಚಿಪ್ಪಿಗೆ ಐದು ನಿಮಿಷ. ಆದರೆ ಲಸಿಕೆ, ರಕ್ತಪರೀಕ್ಷೆ ಎಲ್ಲವೂ ಹಳೆಯ ಚಿಪ್ಪಿನ ಸಂಖ್ಯೆಗೆ ಅಂಟಿಕೊಂಡಿವೆ. ಹೊಸ ಸಂಖ್ಯೆ ಬಂದರೆ ಎಲ್ಲವೂ ಮೊದಲಿನಿಂದ, ಕಾಯುವ ತಿಂಗಳುಗಳೂ ಸೇರಿ. ಇದು ತಮಗೆ ಗೊತ್ತಿಲ್ಲವೇ? ಗೊತ್ತಿದ್ದೂ ಹೇಳಿದಿರೇ? ಎರಡರಲ್ಲಿ ಯಾವುದು ಮೇಲು ಎಂದು ನಾನು ಇನ್ನೂ ತೀರ್ಮಾನಿಸಿಲ್ಲ.

ನಾನು ಇಂಗ್ಲಿಷ್ ಮೀಡಿಯಮ್ಮಿನವಳು. ಆ ದೇಶದ ನಿಯಮಾವಳಿ ಇಂಗ್ಲಿಷಿನಲ್ಲಿದೆ. ಬಾಳಿನಲ್ಲಿ ನಾನು ಮೊದಲಿನಿಂದ ಕೊನೆಯವರೆಗೆ ಓದಿದ ದಪ್ಪ ಪುಸ್ತಕ ಇದೊಂದೇ. ಅದರಲ್ಲಿ ಸ್ಪಷ್ಟವಾಗಿದೆ: ಚಿಪ್ ಭುಜಗಳ ನಡುವೆ ಸಿಗದಿದ್ದರೆ ಇಡೀ ಮೈಮೇಲೆ ಯಂತ್ರ ಆಡಿಸಿ ನೋಡಬೇಕು. ಯಾರ ಕಟ್ಟುನಿಟ್ಟಿನ ಹೆಸರು ಹೇಳಿ ತಾವು ನಮ್ಮನ್ನು ವಾಪಸು ಕಳಿಸಿದಿರೋ, ಅವರೇ ಹುಡುಕಿ ಎನ್ನುತ್ತಾರೆ. ಅವರಿಗಿಂತ ಕಟ್ಟುನಿಟ್ಟಾಗಲು ತಮಗೆ ಹೇಳಿದವರು ಯಾರು?

ಪೈಲ್ವಾನ ಮುದುಕನಾಗಿದ್ದಾನೆ. "ಹೃದಯ ಈಗ ಪ್ರಯಾಣ ತಾಳುತ್ತೆ. ಮುಂದಿನ ವರ್ಷದ ಬಗ್ಗೆ ನಾನು ಮಾತು ಕೊಡಲ್ಲ" ಎಂದಿದ್ದಾರೆ ಪಶುವೈದ್ಯೆ. ನಾನು ಹೊರಟರೆ ಅತ್ತೆ ತಮ್ಮ ಮಗಳ ಮನೆ ಸೇರುತ್ತಾರೆ, ಅಲ್ಲಿನ ಮಗುವಿಗೆ ಉಬ್ಬಸ, ನಾಯಿಯ ಕೂದಲು ಆಗದು. ಮೊನ್ನೆ ನಮ್ಮವರು ಫೋನಿನಲ್ಲಿ, "ನೀನಾದ್ರೂ ಬಂದ್ಬಿಡು. ಅವನಿಗೆ ಏನಾದ್ರೂ ವ್ಯವಸ್ಥೆ ಮಾಡೋಣ" ಎಂದರು. ಆ ವ್ಯವಸ್ಥೆ ಏನೆಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ನಾನು ಒಬ್ಬಳೇ ಹೋಗುವುದಿಲ್ಲ. ಬರುವ ಗುರುವಾರ ಪೈಲ್ವಾನನನ್ನು ಮತ್ತೆ ಕರೆತರುತ್ತೇನೆ. ತಾವು ಯಂತ್ರವನ್ನು ಅವನ ಮೂಗಿನಿಂದ ಬಾಲದವರೆಗೆ, ನಾಲ್ಕೂ ಕಾಲುಗಳ ಮೇಲೆ ಆಡಿಸಬೇಕು. ಎಲ್ಲರೆದುರು ಕೇಳುತ್ತಿದ್ದೇನೆ. ಯಂತ್ರ ಸದ್ದು ಮಾಡದಿದ್ದರೆ ತಮ್ಮ ಕ್ಷಮೆ ಕೇಳಿ ಹೊರಟುಹೋಗುತ್ತೇನೆ. ಸದ್ದು ಮಾಡಿದರೆ ತಾವು ಕ್ಷಮೆ ಕೇಳುವುದು ಬೇಡ, ಸಹಿ ಹಾಕಿದರೆ ಸಾಕು.

ಇಂತಿ,
ವೀಸಾ ಕೈಯಲ್ಲಿದ್ದೂ ಗಂಡನ ನಾಯಿಯೊಂದಿಗೆ ಸಂಸಾರ ಹೂಡಿರುವ
ಬೇಕರಿಯವರ ಹೊಸ ಹೆಂಡತಿ