ಬದುಕಿ ಉಳಿದವಳ ದೀಕ್ಷಾಸ್ನಾನ

5 ಜೂನ್ 1977, ಭಾನುವಾರ. ಹಿರಿಯೂರು

ಬೆಳಗಾಗುವ ಮೊದಲೇ ಎದ್ದೆ. ಬ್ರೆಡ್ಡಿನ ಅಂಚು ಕೊಯ್ದು ಸಣ್ಣ ತುಂಡು ಮಾಡಿದೆ. ಒಣದ್ರಾಕ್ಷಿ ಕುದಿಸಿ, ಸೋಸಿ, ರಸ ತೆಗೆದೆ. ಲೋಟ ತೊಳೆದೆ. ಬಿಳಿ ಬಟ್ಟೆಗೆ ಇಸ್ತ್ರಿ. ಎಲ್ಲ ಮೇಜಿನ ಮೇಲೆ ಜೋಡಿಸಿ, ಹಿಂದಕ್ಕೆ ಬಂದು ಹೆಂಗಸರ ಚಾಪೆಯ ಮೇಲೆ ಕೂತೆ. ಅಲ್ಲಿಂದಾಚೆ ಅದು ಪವಿತ್ರ, ನಾನು ಮುಟ್ಟುವಂತಿಲ್ಲ. ನಮ್ಮ ಪಾದ್ರಿ ಜೀವರತ್ನ ಅಯ್ಯನವರು ಎರಡು ವಾರಕ್ಕೊಮ್ಮೆ ಚಿತ್ರದುರ್ಗದಿಂದ ಬಸ್ಸಿನಲ್ಲಿ ಬಂದು ಆಶೀರ್ವದಿಸಿ ಹಂಚುತ್ತಾರೆ. ಅಡುಗೆ ನನ್ನದು, ಬಡಿಸುವುದು ಅವರದು. ಗಂಡಸರು ತಾವಾಗಿ ಎದ್ದು ಬಡಿಸುವ ಊಟ ಇದೊಂದೇ. ಹೆಸರು ಕರ್ತನ ಭೋಜನ. ಕರ್ತೃ ಯಾರೆಂದು ಕೇಳುವವರಿಲ್ಲ.

ಆರಾಧನೆ ಮುಗಿದ ಮೇಲೆ ಅಯ್ಯನವರು ಪಕ್ಕಕ್ಕೆ ಕರೆದರು.

"ಕೃಪಾವತಿ, ಜುಲೈನಲ್ಲಿ ದುರ್ಗದಲ್ಲಿ ಇಂಟರ್‌ವ್ಯೂ. ಹೆಂಗಸರಿಗೂ ಗುರುದೀಕ್ಷೆ ಕೊಟ್ಟು ಪಾದ್ರಿ ಮಾಡಬಹುದು ಅಂತ ಮೇಲಿನವರು ಒಪ್ಪಿದಾರೆ. ಈ ಕಡೆಯಿಂದ ನಿನ್ನ ಹೆಸರೊಂದೇ."

ಬಿ.ಎ. ಆಯಿತು, ಥಿಯಾಲಜಿ ಡಿಪ್ಲೊಮಾ ಆಯಿತು, ಆಮೇಲೆ ಇಷ್ಟು ವರ್ಷ ಬೈಬಲ್ ವುಮನ್. ಹಳ್ಳಿಗಳಲ್ಲಿ ಬೈಬಲಮ್ಮ. ಹಾಡು ಕಲಿಸು, ಕಥೆ ಹೇಳು, ಕಾಯಿಲೆಯವರ ಹತ್ತಿರ ಕೂತು ಪ್ರಾರ್ಥನೆ ಮಾಡು, ಮುಖ್ಯವಾದದ್ದು ಬಂದಾಗ ಪಕ್ಕಕ್ಕೆ ಸರಿ. ಇನ್ನು ಸರಿಯಬೇಕಾಗಿಲ್ಲವೇ? ಹೆಸರೇ ಕೃಪಾವತಿ. ಕೃಪಾಂಕ ಕೊಟ್ಟು ಪಾಸು ಮಾಡಿದರೂ ಬೇಡವೆನ್ನೆ.

ಬಾಗಿಲಲ್ಲಿ ಸಭೆಯ ಹಿರಿಯರು, ಶಾಂತಪ್ಪ ಮೇಷ್ಟ್ರು. "ಏನಮ್ಮಾ, ಇನ್ಮೇಲೆ ನಿನ್ನ ಅಯ್ಯನೋರೇ ಅನ್ಬೇಕಾ, ಅಮ್ಮನೋರೇ ಅನ್ಬೇಕಾ?"

"ಅಮ್ಮನೋರು ಅಂದ್ರೆ ಜನ ಕೋಳಿ ಹರಕೆ ಹೊತ್ಕೊಂಡು ಬಂದ್ಬಿಡ್ತಾರೆ ಸಾರ್."

ನಗಲಿಲ್ಲ. ಹೆಸರು ಶಾಂತಪ್ಪ. ಅವರಿರುವ ಕಮಿಟಿಯೊಳಗೆ ಶಾಂತಿ ಅಪ್ಪಣೆ ಕೇಳಿ ಬರಬೇಕು.

9 ಜೂನ್, ಗುರುವಾರ. ಸಂಜೆ

ಕೈ ಒದ್ದೆಯಾಗಿಯೇ ಇದೆ ಅನ್ನಿಸುತ್ತಿದೆ. ಒರೆಸಿಕೊಂಡೆ. ಆದರೂ.

ಆದಿವಾಲದ ಹೊನ್ನಕ್ಕ — ಕುರಿ ಸಾಕುವ ಕಾಟಯ್ಯನ ಹೆಂಡತಿ. ಹೋದ ವರ್ಷದಿಂದ ನನ್ನ ಹಾಡಿನ ಕೂಟಕ್ಕೆ ಬರುತ್ತಾಳೆ. ದೀಕ್ಷಾಸ್ನಾನ ಕೊಡಿಸಕ್ಕಾ ಎಂದು ಬೆನ್ನು ಬಿಡದೆ ಕೇಳಿದಳು. ಗಂಡನ ಒಪ್ಪಿಗೆ ಬರಲಿ ಎಂದು ಅಯ್ಯನವರು ಮುಂದಕ್ಕೆ ಹಾಕುತ್ತಲೇ ಇದ್ದರು. ಇವತ್ತು ಬೆಳಿಗ್ಗೆ ಆ ಗಂಡನೇ ಓಡಿ ಬಂದ. ವಾಂತಿಭೇದಿ. ನಿನ್ನೆಯಿಂದ.

ಹೋಗಿ ನೋಡಿದರೆ ಕಣ್ಣು ಗುಳಿ ಬಿದ್ದಿತ್ತು. ಕೈ ತಣ್ಣಗೆ. ನಾಡಿ ಸಿಗಲಿಲ್ಲ. ನೀರು ಕೊಟ್ಟರೆ ಇನ್ನೂ ಭೇದಿಯಾಗುತ್ತದೆ ಎಂದು ಮನೆಯವರು ಒಂದು ಹನಿ ಕೊಟ್ಟಿಲ್ಲ.

"ಅಕ್ಕಾ... ಈಗ್ಲಾದ್ರೂ" ಎಂದಳು.

"ಅಯ್ಯನೋರಿಗೆ ಹೇಳಿ ಕಳಿಸ್ತೀನಿ ಕಣೆ."

"ಅವ್ರು ಬರೋಗಂಟ ನಾನು ಉಳ್ಯಲ್ಲ."

ಕಾಟಯ್ಯ ಕೈ ಮುಗಿದ. "ಮಾಡ್ರಿ ಬೈಬಲಮ್ಮ. ತಡಿಯಾಕೆ ನಮ್ಮಣ್ಣ ಊರಾಗಿಲ್ಲ. ಆಸೆ ಇಟ್ಕಂಡು ಹೋಗದು ಬ್ಯಾಡ."

ಅಯ್ಯನವರು ಹೊಳಲ್ಕೆರೆಯಲ್ಲಿದ್ದರು, ಯಾರದೋ ಹೊಸಮನೆಯ ಪ್ರಾರ್ಥನೆಗೆ. ಸಾವು ಪಕ್ಕದಲ್ಲಿದ್ದಾಗ ಯಾರು ಬೇಕಾದರೂ ದೀಕ್ಷಾಸ್ನಾನ ಕೊಡಬಹುದು — ಸಭೆಯ ನಿಯಮದಲ್ಲಿ ಓದಿದ್ದೆ. ತಂಬಿಗೆ ತೆಗೆದುಕೊಂಡೆ. ತಂದೆಯ, ಮಗನ, ಪವಿತ್ರಾತ್ಮನ ಹೆಸರಿನಲ್ಲಿ. ಹಣೆಯಿಂದ ಇಳಿದ ನೀರನ್ನು ಹೊನ್ನಕ್ಕ ನಾಲಿಗೆ ಚಾಚಿ ನೆಕ್ಕಿದಳು. ನಾನು ಕೊಟ್ಟ ಮೊದಲ ಸಂಸ್ಕಾರ — ಅರ್ಧ ದೀಕ್ಷೆ, ಅರ್ಧ ದಾಹ. ತಡೆಯಲಾಗಲಿಲ್ಲ. ತಂಬಿಗೆಯನ್ನೇ ಅವಳ ಬಾಯಿಗಿಟ್ಟೆ. ಯಾರು ಏನೇ ಅನ್ನಲಿ, ಕುಡಿದೇ ಹೋಗಲಿ.

ಆಮೇಲೆ ಸುಮ್ಮನಿರಲಾಗದೆ ರಸ್ತೆಗೆ ಓಡಿ, ಖಾಲಿ ಲಾರಿಯೊಂದನ್ನು ನಿಲ್ಲಿಸಿ ಆಸ್ಪತ್ರೆಗೆ ತಂದೆವು. ಡಾಕ್ಟರು ಭರವಸೆ ಕೊಡಲಿಲ್ಲ.

11 ಜೂನ್, ಶನಿವಾರ

ಬದುಕಿದಳು! ಸಲೈನ್ ಬಾಟ್ಲಿ ಮೇಲೆ ಬಾಟ್ಲಿ. ಆ ತಂಬಿಗೆ ನೀರು ಕುಡಿಸದಿದ್ದರೆ ಆಸ್ಪತ್ರೆ ಮುಟ್ಟುತ್ತಿರಲಿಲ್ಲ ಎಂದರು ಡಾಕ್ಟರು.

ಗಂಜಿ ಕುಡಿದವಳು ಮೊದಲು ಮಗಳು ಪಾಲಮ್ಮನನ್ನು ಕೇಳಿದಳು. ಮಗುವಿಗೆ ಈಗಷ್ಟೇ ಮಾತು ಬರುತ್ತಿದೆ. ಆಮೇಲೆ — "ಅಕ್ಕಾ, ನಾನೀಗ ನಿಮ್ಮೋಳೇನಾ?"

"ನಮ್ಮೋಳೇ ಕಣೆ."

ಇಬ್ಬರೂ ನಕ್ಕೆವು. ನರ್ಸು ಬಂದು ಗದರಿದಳು. ಪೋಸ್ಟಾಫೀಸಿಗೆ ಹೋಗಿ ಅಯ್ಯನವರಿಗೆ ಫೋನ್ ಮಾಡಿ ಸಂತೋಷದ ಸುದ್ದಿ ಹೇಳಿದೆ. ಆ ಕಡೆ ಸದ್ದಿಲ್ಲ. ಲೈನ್ ಹೋಯಿತೆಂದುಕೊಂಡೆ.

ಹೋಗಿರಲಿಲ್ಲ.

19 ಜೂನ್, ಭಾನುವಾರ. ಮಧ್ಯಾಹ್ನ

ಕಮಿಟಿ ಕರೆಸಿತು.

"ಸಾಯೋ ಅಪಾಯ ಇದ್ರೆ ಯಾರು ಬೇಕಾದ್ರೂ ಕೊಡಬಹುದು ಅಂತ ನಿಯಮದಲ್ಲೇ ಇದೆಯಲ್ಲ ಸಾರ್" ಎಂದೆ.

ಶಾಂತಪ್ಪ ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. "ಐತಮ್ಮ. ಆದ್ರೆ ಆಯಮ್ಮ ಸಾಯಲಿಲ್ವಲ್ಲ?"

"ಸತ್ತಿದ್ರೆ ಸರಿಹೋಗ್ತಿತ್ತಾ?"

"ಸತ್ತಿದ್ರೆ ಪ್ರಶ್ನೆನೇ ಇಲ್ಲ. ನಾನೇ ಮುಂದೆ ನಿಂತು ಮಣ್ಣು ಮಾಡಿಸ್ತಿದ್ದೆ. ಈಗ ನೋಡು, ಬದುಕಿ ಕುಂತವ್ಳೆ. ನಾಳೆ ಊರೂರಲ್ಲಿ ಹೆಂಗಸರು ತಂಬಿಗೆ ಹಿಡ್ಕಂಡು ಹೊರಟ್ರೆ?"

ಇನ್ನೊಬ್ಬ ಹಿರಿಯರಿಗೆ ಬೇರೆ ಚಿಂತೆ. "ಹೊನ್ನಕ್ಕ ಅಂತ ಹೆಸರೂ ಹಂಗೇ ಬಿಟ್ಟವ್ಳೆ. ಒಂದು ಮೇರಿನೋ ಮಾರ್ಥಾನೋ ಇಡಬಾರ್ದಾಗಿತ್ತಾ?"

"ಟೈಮ್ ಇರಲಿಲ್ಲ ಸಾರ್."

ತೀರ್ಮಾನ: ಜುಲೈ ಮೂರನೇ ತಾರೀಕು ಸಭೆಯ ಮುಂದೆ ನಿಂತು, ನಾನು ಮಾಡಿದ್ದು ದೀಕ್ಷಾಸ್ನಾನವಲ್ಲ, ಬರೀ ನೀರು ಎಂದು ಹೇಳಬೇಕು. ಆಮೇಲೆ ಅಯ್ಯನವರು ಹೊನ್ನಕ್ಕನಿಗೆ ಹೊಸದಾಗಿ ಕೊಡುತ್ತಾರೆ. ಹೇಳದಿದ್ದರೆ ಇಂಟರ್‌ವ್ಯೂಗೆ ನನ್ನ ಹೆಸರಿಲ್ಲ. ಬೈಬಲ್ ವುಮನ್ ಕೆಲಸವೂ ಇಲ್ಲ. ಕ್ವಾರ್ಟರ್ಸು ಖಾಲಿ ಮಾಡಬೇಕು.

ಅಯ್ಯನವರು ಹೊರಗೆ ಬಂದು ತಗ್ಗಿದ ದನಿಯಲ್ಲಿ: "ಒಂದು ಮಾತು ತಾನೇ ಕೃಪಾವತಿ. ಹೇಳಿಬಿಡು. ಆಮೇಲೆ ನೂರು ಜನಕ್ಕೆ ನೀನೇ ಕೊಡಬಹುದು."

ನೂರು ಜನಕ್ಕೆ ಕೊಡುವ ಅಧಿಕಾರ ಬೇಕಾದರೆ ಒಬ್ಬಳಿಗೆ ಕೊಟ್ಟದ್ದನ್ನು ಕಿತ್ತುಕೊಳ್ಳಬೇಕು. ಮಿಷನ್ ಹಾಸ್ಟೆಲಿನಲ್ಲಿ ಬೆಳೆದವಳು ನಾನು. ತವರು ಇಲ್ಲ, ಅತ್ತೆಮನೆ ಮೊದಲೇ ಇಲ್ಲ. ಈ ಒಂದು ಕೋಣೆ ಬಿಟ್ಟರೆ ಎಲ್ಲಿಗೆ?

23 ಜೂನ್, ಗುರುವಾರ

ಹೊನ್ನಕ್ಕನನ್ನು ಆಸ್ಪತ್ರೆಯಿಂದ ಬಿಟ್ಟರು. ಆದಿವಾಲಕ್ಕೆ ಕರೆದುಕೊಂಡು ಹೋದೆ. ಕಾಟಯ್ಯನ ಅಣ್ಣ ಎತ್ತಪ್ಪ ಬಾಗಿಲಿಗೆ ಅಡ್ಡ ನಿಂತಿದ್ದ.

"ಮನೆದೇವ್ರ ಪೆಟ್ಟಿಗೆ ಒಳಗೈತೆ. ಇವ್ಳು ಕುಲ ಬಿಟ್ಟೋಳು. ಹೊಸ್ಲು ದಾಟಂಗಿಲ್ಲ."

ಒಳಗೆ ಪಾಲಮ್ಮ ಅವ್ವಾ ಅವ್ವಾ ಎಂದು ಕಿರುಚುತ್ತಿತ್ತು. ಕಾಟಯ್ಯ ನೆಲ ನೋಡುತ್ತಿದ್ದ. ಹೊನ್ನಕ್ಕ ಅಂಗಳದಲ್ಲೇ ಕುಸಿದಳು.

ಎತ್ತಪ್ಪ ನನ್ನ ಕಡೆ ತಿರುಗಿದ. "ನಿಮ್ಮ ಮೇಷ್ಟ್ರು ಸಂತೇಲಿ ಸಿಕ್ಕಿದ್ರು. ಬರೀ ನೀರು ಅಂತ ನೀನೇ ಗುಡೀಲಿ ನಿಂತು ಹೇಳ್ತೀಯಂತೆ. ನಾವೂ ಬರ್ತೀವಿ. ಕಿವಿಯಾರೆ ಕೇಳಿದ್ರೆ ಅವತ್ತೇ ಮನೆಗೆ ಕರ್ಕಂಡ್ ಬರ್ತೀವಿ. ಮಗೀನೂ ಸಿಕ್ತೈತೆ. ಇಲ್ಲಾಂದ್ರೆ ಇಲ್ಲ."

ಅಯ್ಯನವರ ಎರಡನೆಯ ಸ್ನಾನದ ವಿಷಯ ಮೇಷ್ಟ್ರು ಅವನಿಗೆ ಹೇಳಿದಂತಿಲ್ಲ. ನಾನೂ ಹೇಳಲಿಲ್ಲ.

ಹೊನ್ನಕ್ಕ ಈಗ ನನ್ನ ಕೋಣೆಯಲ್ಲಿ, ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಾಳೆ.

27 ಜೂನ್, ಸೋಮವಾರ. ಹೊಸದುರ್ಗ, ಬಸ್‌ಸ್ಟಾಂಡ್

ಏಕನಾಥಮ್ಮನವರನ್ನು ನೋಡಿ ಬಂದೆ. ನನಗಿಂತ ಹಿಂದಿನ ಬೈಬಲ್ ವುಮನ್. ಈಗ ಹಲ್ಲಿಲ್ಲ, ನಾಲಿಗೆ ಇದೆ. ಎಲ್ಲ ಹೇಳಿ ಅತ್ತೆ. ಎಲೆ ಅಡಿಕೆ ಕುಟ್ಟುತ್ತ ಕೇಳಿದರು.

"ನಾನೆಷ್ಟು ಕೂಸುಗಳಿಗೆ ಕೊಟ್ಟಿಲ್ಲ ಹೇಳು. ಶ್ರೀರಾಂಪುರದ ಕಡೆ ಹೆರಿಗೆ ಆದ ತಕ್ಷಣ, ಉಸ್ರು ನಿಲ್ಲೋ ಮುಂಚೆ."

"ಯಾರೂ ಕೇಳಲಿಲ್ವಾ ಅಮ್ಮ?"

"ಯಾರಿಗೆ ಹೇಳಿದ್ದೆ ಕೇಳಕ್ಕೆ? ಬದುಕಿದ್ ಕೂಸುಗಳ್ನ ಆಮೇಲೆ ಅಯ್ಯನೋರ ಹತ್ರ ಒಯ್ದು ಇನ್ನೊಂದ್ಸಲ ಮಾಡಿಸ್ತಿದ್ವಿ, ಏನೂ ಗೊತ್ತಿಲ್ಲದಂಗೆ. ಅಲ್ಲ ಕಣೆ ಹುಚ್ಚಿ, ನಿಂಗೆ ಫೋನ್ ಮಾಡು ಅಂದೋರ್ಯಾರು?"

ಸಂತೋಷ, ಅಮ್ಮ. ಸಂತೋಷ ಮಾಡಿಸಿತು.

ಬಸ್ಸು ಇನ್ನೂ ಬಂದಿಲ್ಲ. ಇವರೆಲ್ಲ ಇಷ್ಟು ವರ್ಷ ಕೊಟ್ಟರು, ಮುಚ್ಚಿಟ್ಟರು. ನಾನು ಬಾಯಿ ಬಿಟ್ಟೆ. ಈಗ ಆ ಬಾಯಿಂದಲೇ ನುಂಗಬೇಕು.

2 ಜುಲೈ, ಶನಿವಾರ

ಇಷ್ಟು ದಿನ ಬರೆಯಲಾಗಲಿಲ್ಲ.

ಹೊನ್ನಕ್ಕನಿಗೆ ಹೇಳಿದೆ. "ನಾಳೆ ಹೇಳಿಬಿಡ್ತೀನಿ. ನೀನು ಮನೆಗೆ ಹೋಗು."

ಗೋಡೆಯಿಂದ ಈ ಕಡೆ ಹೊರಳಿದಳು. "ಹೇಳಕ್ಕಾ. ಮಗೀನ ನೋಡ್ದೆ ಅನ್ನ ಇಳಿವಲ್ದು." ಮತ್ತೆ — "ದೇವ್ರು ಸಿಟ್ಟಾಗ್ತಾನಾ?"

"ನಂಗೊತ್ತಿಲ್ಲ ಕಣೆ."

ಥಿಯಾಲಜಿ ಓದಿದ್ದು ಇಷ್ಟು ಹೇಳಲಿಕ್ಕೆ.

ಯಾರಿಗಾಗಿ ಹೇಳುತ್ತಿದ್ದೇನೆ? ಅವಳ ಮಗಳಿಗಾಗಿಯೋ, ನನಗೆ ಸಿಗಲಿರುವ ಪಾದ್ರಿ ನಿಲುವಂಗಿಗಾಗಿಯೋ? ಮನಸ್ಸನ್ನು ಮೊರಕ್ಕೆ ಹಾಕಿ ಕೇರಿ ನೋಡಿದೆ. ಕಾಳೂ ಜೊಳ್ಳೂ ಒಂದೇ ಬಣ್ಣ. ಕರ್ತನೇ, ಬೇರೆ ಮಾಡಿಕೊಡು. ಇಲ್ಲವೇ ನಾಳೆ ಬೆಳಿಗ್ಗೆ ನನಗೆ ಗಂಟಲು ಕಟ್ಟಲಿ.

3 ಜುಲೈ, ಭಾನುವಾರ. ಸಂಜೆ

ಗಂಟಲು ಕಟ್ಟಲಿಲ್ಲ. ಹೇಳಿದೆ. "ಆದಿವಾಲದಲ್ಲಿ ನಾನು ಮಾಡಿದ್ದು ದೀಕ್ಷಾಸ್ನಾನವಲ್ಲ. ಬರೀ ನೀರು." ದನಿ ನಡುಗಲೂ ಇಲ್ಲ. ಕಾಲೇಜಿನಲ್ಲಿ ಭಾಷಣಕ್ಕೆ ಪ್ರೈಜ್ ತೆಗೆದುಕೊಂಡವಳಲ್ಲವೇ. ಶಾಂತಪ್ಪ ಮೇಷ್ಟ್ರು ಜೋರಾಗಿ ಆಮೆನ್ ಎಂದರು. ಪೇತ್ರನು ಯೇಸುವನ್ನು ಅರಿಯೆನೆಂದಾಗ ಕೋಳಿ ಕೂಗಿತಂತೆ. ನನಗೆ ಕೂಗಲಿಲ್ಲ. ಭಾನುವಾರ ಆ ಹೊತ್ತಿಗೆ ನಮ್ಮ ಕೇರಿಯ ಕೋಳಿಗಳೆಲ್ಲ ಸಾರಿನಲ್ಲಿರುತ್ತವೆ.

ಆಗ ಹೆಂಗಸರ ಚಾಪೆಯಿಂದ ಹೊನ್ನಕ್ಕ ಎದ್ದಳು. ಬಾಗಿಲಲ್ಲಿ ಎತ್ತಪ್ಪ. ಅವನ ಹಿಂದೆ ಕಾಟಯ್ಯ, ಹೆಗಲ ಮೇಲೆ ಪಾಲಮ್ಮ. ಅವರನ್ನೇ ನೋಡುತ್ತ ಹೇಳಿದಳು.

"ಅಕ್ಕ ಸುಳ್ಳು ಹೇಳ್ತಾಳೆ. ನಾನೇ ಹೇಳು ಅಂದಿದ್ದೆ. ಕಿವಿಗೆ ಬಿದ್ಮ್ಯಾಲೆ ತಡಿಯಾಕಾಗ್ಲಿಲ್ಲ. ಅಕ್ಕ ಕೊಟ್ಟವ್ಳೆ. ನಾನು ಈಸ್ಕಂಡೀನಿ."

"ಹೆಂಗಸರು ಸಭೇಲಿ ಮಾತಾಡಂಗಿಲ್ಲಮ್ಮ. ಕುಂತ್ಕ" ಎಂದರು ಮೇಷ್ಟ್ರು.

"ಈಗ ಅಕ್ಕ ಮಾತಾಡ್ಲಿಲ್ವಾ ಸ್ವಾಮಿ? ಸುಳ್ಳಾದ್ರೆ ಹೆಂಗಸರು ಮಾತಾಡಬೋದಾ?"

ಮೇಷ್ಟ್ರು ತಟ್ಟನೆ ಕೀರ್ತನೆ ಎತ್ತಿಕೊಂಡರು. ಎಲ್ಲರೂ ಎದ್ದು ಹಾಡಿದರು. ಇಲ್ಲಿ ಹೀಗೇ, ಕೇಳಬಾರದ ಮಾತು ಬಂದರೆ ಕೀರ್ತನೆಯಿಂದ ಮುಚ್ಚುತ್ತಾರೆ. ನಾನೂ ಹಾಡಿದೆ. ಬಾಯಿ ತಾನಾಗಿ ತೆರೆಯಿತು. ಹಾಡು ಮುಗಿದಾಗ ಬಾಗಿಲು ಖಾಲಿ. ಮಗುವಿನ ಅಳು ಬಸ್‌ಸ್ಟಾಂಡಿನ ಕಡೆ ಸಣ್ಣದಾಗುತ್ತ ಹೋಯಿತು. ಹೊನ್ನಕ್ಕ ಹಿಂದೆ ಓಡಲಿಲ್ಲ. ಕಂಬ ಹಿಡಿದು ನಿಂತಿದ್ದಳು.

ಮೇಷ್ಟ್ರು ಹೊರಡುವಾಗ ನನ್ನ ಹತ್ತಿರ ಬಂದರು. "ಆಯಮ್ಮಂದು ಬಿಡು. ನೀನು ಹೇಳ್ಬೇಕಾದ್ದು ಹೇಳ್ದೆ. ಹೆಸರು ಕಳಿಸ್ತೀವಿ."

5 ಜುಲೈ

ಹೆಸರು ಹೋಯಿತು. ಹೊನ್ನಕ್ಕ ಬೈಯುವುದಿಲ್ಲ. "ಉಣ್ಣಕ್ಕಾ" ಎನ್ನುತ್ತಾಳೆ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

14 ಜುಲೈ, ಗುರುವಾರ. ಚಿತ್ರದುರ್ಗ, ಇಂಟರ್‌ವ್ಯೂ ನಡೆಯುವ ಬಂಗಲೆಯ ವರಾಂಡ

ಒಳಗೆ ಮೇಜಿನ ಸುತ್ತ ಗಂಡಸರು. ಹೊರಗೆ ಬೆಂಚಿನ ಮೇಲೆ ನಾನು.

ನಿನ್ನೆ ಹೊನ್ನಕ್ಕ ಆದಿವಾಲಕ್ಕೆ ಹೋಗಿದ್ದಳು. ಹೊಲದ ಬದುವಿನಲ್ಲಿ ನಿಂತು ಮಗಳನ್ನು ದೂರದಿಂದ ನೋಡಿ ಬಂದಳು. ಮಗು ಕೈ ಬೀಸಿತಂತೆ. "ನಂಗೋ, ಕುರಿಮರಿಗೋ ಗೊತ್ತಾಗ್ಲಿಲ್ಲಕ್ಕಾ" ಎಂದಳು.

ಈಗಷ್ಟೇ ಅಯ್ಯನವರು ಹೊರಗೆ ಬಂದಿದ್ದರು. "ಸೇವೆಯಲ್ಲಿ ಇದುವರೆಗೆ ಏನು ಮಾಡಿದಿ ಅಂತ ಮೊದಲು ಕೇಳ್ತಾರೆ. ಹಾಡಿನ ಕೂಟದ ವಿಷಯ ಹೇಳು. ಆದಿವಾಲದ್ದು ಎತ್ತಬೇಡ. ಅವರಾಗಿ ಕೇಳಿದರೆ ಬರೀ ನೀರು ಅಂತ ಇನ್ನೊಂದು ಸಲ ಹೇಳಿಬಿಡು. ಒಂದು ಸಲ ಹೇಳಿದವಳಿಗೆ ಏನು ಕಷ್ಟ?"

ಏನೂ ಕಷ್ಟವಿಲ್ಲ. ಅದೇ ಹೆದರಿಕೆ. ಮೂರನೆಯ ಸಲ ನನಗೇ ನಂಬಿಕೆ ಬಂದುಬಿಡುತ್ತದೆ.

ನಿಜ ಹೇಳಿದರೆ ಬರುವ ವಾರ ನಾವಿಬ್ಬರೂ ಬೀದಿಯಲ್ಲಿ. ಯಾವ ಸಭೆಯೂ ಕರೆಯುವುದಿಲ್ಲ. ಪಾಲಮ್ಮನೂ ಬರುವುದಿಲ್ಲ. ಯಾರಿಗೂ ಏನೂ ಸಿಗುವುದಿಲ್ಲ. ಇದಕ್ಕೊಂದು ಜೋಕು ಇರಲೇಬೇಕು, ಹುಡುಕುತ್ತಿದ್ದೇನೆ... ಸಿಗುತ್ತಿಲ್ಲ.

ಹೆಸರು ಕೂಗಿದರು.

ಬಾಯಿ ನಂಬುವಂತಿಲ್ಲ. ಮೊದಲ ವಾಕ್ಯ ಇಲ್ಲೇ ಬರೆದುಕೊಂಡು ಒಳಗೆ ಹೋಗಿ ಓದುತ್ತೇನೆ —

ಆದಿವಾಲದ ಹೊನ್ನಕ್ಕನಿಗೆ ನಾನು ದೀಕ್ಷಾಸ್ನಾನ ಕೊಟ್ಟೆ.