ಪಾದ್ರಿಯ ನಾಯಿಯ ಉಳಿದರ್ಧ ಕಥೆ

ಪೂಜ್ಯ ಮಾವನವರಿಗೆ ವೇದಾ ಮಾಡುವ ಶರಣಾರ್ಥಿ.

ಇದನ್ನು ಹೇಳದೆಯೇ ಉಳಿದುಬಿಡುತ್ತಿದ್ದೆ. ಕಳೆದ ಭಾನುವಾರ ಫೋನಿನಲ್ಲಿ ನೀವು, "ಬಸವ ಜಯಂತಿ ಸಭಾದಾಗ ನಿಮ್ಮನಿ ನಾಯಿ ಕಥಿನಽ ಹೇಳಾಂವ ಇದ್ದೀನವಾ. ನಾಯ್ಯಾಗ ಶಿವನ್ನ ಕಂಡ ಪಾದ್ರಿ ಅಂತ" ಎಂದಿರಿ. ನಾನು "ಭಾಳ ಚಲೋ ಆತು ಬಿಡ್ರಿ" ಎಂದು ಫೋನನ್ನು ನಿಮ್ಮ ಮಗನ ಕೈಗೆ ಕೊಟ್ಟೆ. ನಿಮ್ಮನ್ನು ಮಾಸ್ತರರೆಂದು ಗೌರವಿಸುವ ಕಲಬುರಗಿಯ ಅಷ್ಟು ಜನರ ಮುಂದೆ ನೀವು ಹೇಳಹೊರಟಿರುವುದು ನಾನು ಬೇಕೆಂದೇ ಅರ್ಧಕ್ಕೆ ನಿಲ್ಲಿಸಿದ ಕಥೆಯನ್ನು.

ಜನವರಿಯ ಆ ಹಿಮ ನೆನಪಿದೆಯಲ್ಲ? ಇಲ್ಲಿ ಅಮೆರಿಕದಲ್ಲಿ, ನಮ್ಮ ಫೇರ್‌ಫ್ಯಾಕ್ಸ್‌ನಲ್ಲಿ ಮೂರು ದಿನ ಕಾರು ಹೊರಗೆ ತೆಗೆಯಲಾಗಲಿಲ್ಲ. ನೀವು ಬಂದ ದಿನದಿಂದ ನಮ್ಮ ನಾಯಿ ಪಿಪ್ ಗ್ಯಾರೇಜಿನಲ್ಲೇ ಇತ್ತು. "ಲಿಂಗಪೂಜಾ ನಡಿಯೋ ಮನ್ಯಾಗ ನಾಯಿ ಅಡ್ಡಾಡಿದ್ರ ನಾ ಮುಂದಿನ ವಿಮಾನಕ್ಕಽ ಹೊಂಟೆ" ಎಂದಿದ್ದಿರಿ. ಅಲ್ಲಿ ಅದು ನಡುಗುತ್ತ ಕುಂಯ್‌ಗುಡುತ್ತಿತ್ತು. ನಿಮ್ಮ ಮೊಮ್ಮಗಳು ಶೀತಲ್ ಊಟ ಬಿಟ್ಟು ಮೆಟ್ಟಿಲ ಮೇಲೆ ಕೂತಿದ್ದಳು. ಆಗ ನಾನು ಲೈಬ್ರರಿಯಿಂದ ತಂದಿದ್ದ ಪುಸ್ತಕ ತೆರೆದು ಓದಿ ಹೇಳಿದೆ: ಪಿಪ್‌ನ ಜ್ಯಾಕ್ ರಸೆಲ್ ಎಂಬ ಈ ತಳಿಗಿರುವುದು ಇಂಗ್ಲೆಂಡಿನ ಹಳ್ಳಿಯ ಪಾದ್ರಿಯೊಬ್ಬರ ಹೆಸರು. ಓದುತ್ತಿದ್ದ ಕಾಲದಲ್ಲಿ ಅವರು ಹಾಲಿನವನ ಬಳಿ ಒಂದು ಬಿಳಿಯ ಹೆಣ್ಣುನಾಯಿಯನ್ನು ಕಂಡು ಅಲ್ಲೇ ಕೊಂಡರಂತೆ. ತಳಿ ಶುರುವಾದದ್ದು ಅದರಿಂದ.

ನೀವು ಕನ್ನಡಕ ತೆಗೆದಿರಿ. "ಅಂದ್ರ ಇದು ಅಯ್ಯನೋರ ಮನಿತನದ್ದು! ಮೊದಲಽ ಹೇಳಬಾರದೇನವಾ? ಜಂಗಮರನ್ನ ಹೊರಗ ನಿಲ್ಲಿಸಿ ನಾವು ಉಣ್ಣೂದಾ?" ನೀವೇ ಹೋಗಿ ಬಾಗಿಲು ತೆಗೆದು, "ಬರ್ರಿ ಅಯ್ಯನೋರ, ಒಳಗ ಬರ್ರಿ" ಎಂದಿರಿ. ಅಂದಿನಿಂದ ಊರಿಗೆ ಹೊರಡುವವರೆಗೂ ರೊಟ್ಟಿಯ ಮೊದಲ ತುಣುಕು ಪಿಪ್‌ಗೆ, ಆಮೇಲೆ ನಿಮಗೆ. "ಅಜ್ಜಾ, ಹಿ ಈಸ್ ಜಸ್ಟ್ ಎ ಡಾಗ್!" ಎಂದು ಶೀತಲ್ ನಕ್ಕರೆ, "ನೀ ಸುಮ್ಮನಿರು, ಅವರ ಊಟ ಆಗ್ಲಿ" ಎನ್ನುತ್ತಿದ್ದಿರಿ.

ಅದೇ ಪುಟದ ಕೆಳಭಾಗವನ್ನು ನಾನು ಓದಲಿಲ್ಲ. ಆ ಪಾದ್ರಿಗೆ ಬೇಟೆಯ ಹುಚ್ಚು. ನರಿ ಬಿಲ ಹೊಕ್ಕರೆ ಹಿಂದೆಯೇ ನುಗ್ಗಿ ಹೊರಗೋಡಿಸಲೆಂದು, ಬೇಟೆ ನಿಲ್ಲಬಾರದೆಂದು, ಈ ಪುಟ್ಟ ತಳಿಯನ್ನು ಬೆಳೆಸಿದ್ದು. ಇರುವೆ ಸಾಲನ್ನೂ ತುಳಿಯದೆ ದಾಟಿ ನಡೆಯುವ ನಿಮಗೆ ಅದನ್ನು ಹೇಗೆ ಓದಲಿ ಎಂದು ಪುಸ್ತಕ ಮುಚ್ಚಿದೆ. ಮಗಳಿಗಾಗಿ, ನಾಯಿಗಾಗಿ ಎಂದು ಇಷ್ಟು ದಿನ ಅಂದುಕೊಂಡಿದ್ದೆ. ಆದರೆ ಮದುವೆಯಾದ ಹದಿನೆಂಟು ವರ್ಷಗಳಲ್ಲಿ ನೀವು ಮೊದಲ ಸಲ ನನ್ನ ಮಾತಿಗೆ ನಿಮ್ಮ ಹಟ ಬಿಟ್ಟಿರಿ. ಆ ಖುಷಿಯನ್ನು ಕಳೆದುಕೊಳ್ಳಲು ಮನಸ್ಸಾಗಲಿಲ್ಲವೇನೋ.

ಸಭೆಯಲ್ಲಿ ಯಾರಾದರೂ ಎದ್ದು, "ಅಂವ ಬೇಟಿಗಾರ ಅಲ್ಲೇನ್ರಿ, ಮಾಸ್ತರ?" ಎಂದರೆ ತಲೆ ತಗ್ಗಿಸಬೇಕಾದವರು ನೀವು. ಅದಾಗಬಾರದು. ಪಾದ್ರಿಯ ಮಾತು ಬಿಟ್ಟುಬಿಡಿ. ನಾಯಿಯ ಕಥೆ ಹೇಳಲೇಬೇಕೆಂದರೆ ತಾವು ಉಣ್ಣುವ ಮೊದಲು ಪಿಪ್‌ಗೆ ಬಡಿಸಿದ ಮಾಸ್ತರರ ಕಥೆ ಹೇಳಿ. ಅದಕ್ಕೆ ಪುಸ್ತಕ ಬೇಡ, ನಾನೇ ಸಾಕ್ಷಿ. ಸಿಟ್ಟು ಬಂದರೆ ನನ್ನ ಮೇಲೆ ಬರಲಿ, ಪಿಪ್ ಮೇಲೆ ಬೇಡ. ಊಟದ ಹೊತ್ತಿಗೆ ಅದು ಈಗಲೂ ನಿಮ್ಮ ಕುರ್ಚಿಯ ಪಕ್ಕವೇ ಹೋಗಿ ಕೂರುತ್ತದೆ.

ನಿಮ್ಮ ಆರೋಗ್ಯ ಚೆನ್ನಾಗಿರಲಿ. ನಿಮ್ಮಿಂದ ಬೈಸಿಕೊಳ್ಳುವ ಭಾಗ್ಯ ನನಗೆ ಬಹುಕಾಲ ಇರಲಿ.

ನಿಮ್ಮ ಸೊಸೆ,
ವೇದಾ

ಧೈರ್ಯ ಕರಗುವ ಮುಂಚೆ, ಮಾರ್ಚ್ 29, 1996ರ ಶುಕ್ರವಾರ ಇದನ್ನು ಅಂಚೆಗೆ ಹಾಕುತ್ತೇನೆ.