ಯಾರೂ ಮುಟ್ಟದ ಸೋಪು

ತೇರಗಾಂವ,
೨೧ ನವೆಂಬರ್ ೨೦೨೫

ಶಾಂತಾದೇವಿ ವೈನಿಯವರಿಗೆ,

ನಿಮ್ಮ ನಾದಿನಿ ನೀಲವ್ವನ ನಮಸ್ಕಾರಗಳು. ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವುದು ವಾಡಿಕೆ. ಇಲ್ಲಿರುವುದು ನಾನೊಬ್ಬಳೇ. ಕ್ಷೇಮವೋ ಅಲ್ಲವೋ ಎಂದು ಈಚೆಗೆ ವಿಚಾರಿಸಿಕೊಂಡಿಲ್ಲ.

ಹೋದ ರವಿವಾರ ದಾಂಡೇಲಿಯಲ್ಲಿ ನಿಮ್ಮ ಮಗಳು ಸಹನಾಳ ಚೊಚ್ಚಲ ಬಸಿರಿನ ಕುಬಸ ಚೆನ್ನಾಗಿ ಆಯಿತೆಂದು ಕೇಳಿದೆ. ನನಗೆ ಕರೆ ಇರಲಿಲ್ಲ, ನನ್ನ ಸೋಪುಗಳಿಗೆ ಇತ್ತು. ಉಡಿ ತುಂಬಲು ಬಂದ ಅರವತ್ತೊಂದು ಹೆಂಗಸರು ಒಂದೊಂದು ಒಯ್ದಿದ್ದಾರೆ. ತಿಂಗಳ ಹಿಂದೆ ಸಹನಾ ಫೋನಿನಲ್ಲಿ, "ಅತ್ಯಾ, ಅವ್ವ ಒಪ್ಯಾಳ. ಆದ್ರ ಡಬ್ಬಿ ಮ್ಯಾಲ ನಿನ್ನ ಹೆಸರ ಹಾಕಬ್ಯಾಡಂತ" ಎನ್ನುತ್ತಿದ್ದಾಗ ಹಿಂದಿನಿಂದ ನಿಮ್ಮ ದನಿಯೂ ಕೇಳಿತು: "ಅಕಿ ಹೆಸರ ನೋಡಿದ್ರ ಬಂದ ಮಂದಿ ಮದಲ ತಮ್ಮ ತಮ್ಮ ಕಿವಿ ಮುಟ್ಟಿ ನೋಡ್ಕೋತಾರ!"

ಚೆನ್ನಾಗಿತ್ತು. ನಾನೂ ನಕ್ಕೆ. ಹೆಸರು ಹಾಕಲಿಲ್ಲ. ಆದರೆ ಅವನ್ನು ಹೇಗೆ ಮಾಡಿದೆ ಎಂದು ನಿಮಗಾದರೂ ಗೊತ್ತಿರಬೇಕು.

ಹುಬ್ಬಳ್ಳಿಯಿಂದ ಸೋಪಿನ ಗಟ್ಟಿ ತರಿಸುತ್ತೇನೆ. ಅದನ್ನು ಹೆಚ್ಚಿ, ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸುತ್ತೇನೆ, ಕುದಿಯಬಾರದು. ಅಚ್ಚಿಗೆ ಮೊದಲು ಗಾಜಿನಂಥ ಸೋಪನ್ನು ಅರ್ಧ ಹೊಯ್ದು, ಮೊದಲೇ ಮಾಡಿಟ್ಟ ಪುಟ್ಟ ಆಕಾರವನ್ನು ಅದರಲ್ಲಿ ಮುಳುಗಿಸುತ್ತೇನೆ. ಈ ಸಲದ ಆಕಾರ ಬುಗಡಿ, ಬಂಗಾರದ ಬಣ್ಣದ ಸೋಪಿನದು. ಮೇಲೆ ಹಾಲಿನ ಕೆನೆಯಷ್ಟು ಪೊರೆ ಕಟ್ಟಿದಾಗ ಸ್ಪಿರಿಟ್ ಸಿಂಪಡಿಸಿ ಬಿಳಿ ಪದರ ಹೊಯ್ಯಬೇಕು. ತಡಮಾಡಿ ಮೊದಲನೆಯದು ಪೂರ್ತಿ ತಣ್ಣಗಾದರೆ ಎರಡೂ ಒಂದೇ ಸೋಪಿನಂತೆ ಕಾಣುತ್ತವೆ, ಅಷ್ಟೇ. ಬಚ್ಚಲಿನ ನಾಲ್ಕು ದಿನದ ನೀರಿಗೆ ಬೇರೆ ಬೇರೆಯಾಗುತ್ತವೆ. ನೀವು ಬಂದ ಮೇಲೆ ನಾವಿಬ್ಬರೂ ದಾಂಡೇಲಿಯ ಆ ಮಿಲ್ಲಿನ ಕ್ವಾರ್ಟರ್ಸಿನಲ್ಲಿ ಏಳು ವರ್ಷ ಹಾಗೆಯೇ ಇದ್ದೆವು.

ಬುಗಡಿ ಯಾಕೆ ಎಂದು ನೀವು ಕೇಳಲಿಲ್ಲ. ಬಹುಶಃ ಚೆಂದ ಕಂಡಿರಬೇಕು.

ಹನ್ನೊಂದು ವರ್ಷದ ಹಿಂದೆ ಹಿತ್ತಲ ಬಚ್ಚಲಲ್ಲಿ ಮಣೆಯ ಮೇಲೆ ನನ್ನ ಅವ್ವನಿಗೆ ಕಡೆಯ ಸ್ನಾನ ಮಾಡಿಸಿದವಳು ನಾನು. ಮೈಮೇಲಿನ ಬಂಗಾರ ತೆಗೆಯಬೇಕಿತ್ತು. ಅವಳ ಕಿವಿ ಬಾತಿದ್ದರಿಂದ ಬುಗಡಿಯ ತಿರುಪು ಅಲುಗಲಿಲ್ಲ. ಅವಳದೇ ಸೋಪನ್ನು ತಿಕ್ಕಿ ನೊರೆ ಮಾಡಿ ಸಡಿಲಿಸಿದೆ. ಒಂದು ಬಂತು, ನಿಮ್ಮ ಕೈಗೆ ಕೊಟ್ಟೆ, ನೀವು ಒಳಗೆ ಒಯ್ದಿರಿ. ಇನ್ನೊಂದು ಬೆರಳಿನಿಂದ ಜಾರಿತು. ಗಟಾರಿನ ಕೆಸರನ್ನೆಲ್ಲ ಬಾಚಿ ಸೋಸಿದರೂ ಸಿಗಲಿಲ್ಲ.

ಮೂರನೆಯ ದಿನ ನಾನು ತೇರಗಾಂವಕ್ಕೆ ಹೊರಟಾಗ ಪಡಸಾಲೆಯಲ್ಲಿ ಓಣಿಯ ಹೆಂಗಸರೆಲ್ಲ ಇದ್ದರು. ನೀವು ಬಾಗಿಲಿಗೆ ಅಡ್ಡ ನಿಂತಿರಿ. "ನೀರಾಗ ಹೋಗಿದ್ರ ಗಟಾರದಾಗ ಸಿಗತಿತ್ತು. ಬಚ್ಚಲದಾಗ ಒಬ್ಬಾಕಿನ ಇದ್ದಾಗ ಕೈಗೆ ಬಂದ ಬಂಗಾರ ಯಾವ ಹೆಂಗಸು ಬಿಡತಾಳವಾ? ಚೀಲಾ ಸುರವು" ಎಂದಿರಿ. ನಾನು ಸುರಿಯಲಿಲ್ಲ. ನೀವೇ ಸುರಿದಿರಿ. ಒಳಗಿನ ಬಟ್ಟೆಗಳನ್ನೂ ಒಂದೊಂದಾಗಿ ಝಾಡಿಸಿದಿರಿ. ಅಣ್ಣ ಗೋಡೆಯ ಕ್ಯಾಲೆಂಡರಿನಲ್ಲಿ ಏನೋ ಹುಡುಕುತ್ತಿದ್ದ.

ಕಡೆಗೆ ಕಾಗದದ ಪೊಟ್ಟಣವೊಂದು ಬಿಚ್ಚಿಕೊಂಡು ಬಿತ್ತು. ಅವ್ವನ ಆ ಸೋಪು. ಅವಳ ಹೆಬ್ಬೆರಳು ಸವೆಸಿದ ತಗ್ಗು ಅದರಲ್ಲಿತ್ತು, ಅದಕ್ಕೇ ಎತ್ತಿಟ್ಟುಕೊಂಡಿದ್ದೆ. ಪಕ್ಕದ ಮನೆಯ ಯಲ್ಲವ್ವಕ್ಕ, "ಅದನ್ನೂ ನೋಡ ಶಾಂತಾ" ಎಂದಳು. ನೀವು ಸೆರಗು ಸುತ್ತಿಕೊಂಡು ಹಿಂದೆ ಸರಿದಿರಿ. "ಅಯ್ಯ, ಹೆಣಾ ತೊಳದ ಸಾಬಾಣ! ಅದನ್ನ ಮುಟ್ಟಿ ಮತ್ತ ತಲಿಮ್ಯಾಲ ನೀರ ಹಾಕ್ಕೊಳ್ಳೇನ? ಅದನೂ ಬಿಟ್ಟಿಲ್ಲ ನೋಡ್ರಿ ಈಕಿ!" ಎಲ್ಲರೂ ನಕ್ಕರು. ಸಾವಿನ ಮನೆ ಎನ್ನುವುದು ಆಮೇಲೆ ನೆನಪಾಗಿ ನಿಲ್ಲಿಸಿದರು.

ಬುಗಡಿ ಅದರಲ್ಲಿತ್ತು, ವೈನಿ. ಬಿಸಿನೀರಿಗೆ ಮೆತ್ತಗಾಗಿದ್ದ ಸೋಪಿನ ಮೇಲೆ ಬಿದ್ದು, ಅದನ್ನು ಎತ್ತುವಾಗ ನನ್ನ ಹೆಬ್ಬೆರಳಿನ ಒತ್ತಿಗೆ ಒಳಗೆ ಹೂತು ಹೋಗಿತ್ತು. ನೀವು ಒಂದು ಸಲ ಮುಟ್ಟಿದ್ದರೆ ಸಿಗುತ್ತಿತ್ತು.

ನನಗೆ ಗೊತ್ತಾದದ್ದು ನಾಲ್ಕು ತಿಂಗಳ ಮೇಲೆ. ಆಗ ತಂದುಕೊಟ್ಟಿದ್ದರೆ ಕದ್ದವಳು ಹೆದರಿ ತಂದಳು ಎನ್ನುತ್ತಿದ್ದಿರಿ. ಇಟ್ಟುಕೊಂಡೆ. ಅದು ಇದ್ದ ಹಾಗೆಯೇ, ಸೋಪಿನೊಳಗೇ. ಇನ್ನೊಂದನ್ನು ನೀವು ಟ್ರಂಕಿನಲ್ಲಿಟ್ಟುಕೊಂಡು, ಜೋಡಿ ಇದ್ದಿದ್ದರೆ ಸಹನಾಳ ಕಿವಿಗೆ ಹಾಕುತ್ತಿದ್ದೆ ಎಂದು ಈಗಲೂ ಅಂದುಕೊಳ್ಳುತ್ತೀರಂತೆ. ಸಹನಾಳೇ ಹೇಳಿದಳು. ಅವಳ ಮೇಲೆ ನನಗೇನೂ ಸಿಟ್ಟಿಲ್ಲ.

ಈಗ ಕೇಳಿ. ಆ ಅರವತ್ತೊಂದರಲ್ಲಿ ಒಂದು ಸೋಪಿನ ಬಿಳಿ ಪದರದೊಳಗೆ ಅವ್ವನ ಆ ತುಂಡು ಇದೆ, ಬುಗಡಿಯ ಸಮೇತ. ಬೆಳಕಿಗೆ ಹಿಡಿದರೆ ಕಾಣುವುದಿಲ್ಲ. ತೂಕಕ್ಕಿಟ್ಟರೂ ಉಪಯೋಗವಿಲ್ಲ, ನಾನು ಕೈಅಂದಾಜಿನಲ್ಲಿ ಹೊಯ್ಯುವವಳು. ಯಾರ ಡಬ್ಬಿಗೆ ಯಾವುದು ಹೋಯಿತೆಂದು ನನಗೂ ಗೊತ್ತಿಲ್ಲ. ಕಣ್ಣು ಮುಚ್ಚಿ ತುಂಬಿದೆ. ಅಣ್ಣ ಬಂದು ಪೆಟ್ಟಿಗೆಗಳನ್ನು ಒಯ್ದ. ಚಹಾ ಕುಡಿದ. "ವಾಸನಿ ಭಾಳ ಚೊಲೊ ಐತಿ" ಎಂದ.

ಹದಿನೈದು ಇಪ್ಪತ್ತು ದಿನದಲ್ಲಿ ಯಾವಳೋ ಒಬ್ಬಳಿಗೆ ಅದು ಸಿಗುತ್ತದೆ, ಬಚ್ಚಲಲ್ಲಿ, ಒಬ್ಬಳೇ ಇರುವಾಗ. ಅವಳು ಏನು ಮಾಡುತ್ತಾಳೆಂದು ನಿಮ್ಮಷ್ಟು ಬಲ್ಲವರಿಲ್ಲ.

ಅಷ್ಟರೊಳಗೆ ಬೇಕೆಂದರೆ ಅರವತ್ತೊಂದು ಮನೆಯ ಬಾಗಿಲಿಗೆ ಹೋಗಿ ಕೇಳಬೇಕು. ಉಡಿ ತುಂಬಿದ ಕೈಗೆ ಕೊಟ್ಟದ್ದನ್ನು ವಾಪಸ್ಸು ಬೇಡಬೇಕು. ಯಾಕೆ ಎನ್ನುತ್ತಾರೆ. ನೀವು ಹೇಳಬೇಕಾಗುತ್ತದೆ. ಅಂದು ಪಡಸಾಲೆಯಲ್ಲಿದ್ದವರ ಹೆಸರುಗಳೂ ಸಹನಾ ಕಳಿಸಿದ ಕುಬಸದ ಪಟ್ಟಿಯಲ್ಲಿವೆ, ಮೊದಲು ಅವರಲ್ಲಿಗೇ ಹೋಗಿ. ಸಿಕ್ಕರೆ ಒಡೆದು ತೆಗೆಯಬೇಕು. ಈ ಸಲ ಮುಟ್ಟಬೇಕಾಗುತ್ತದೆ, ವೈನಿ.

ಸಹನಾಳ ಹೆರಿಗೆ ಸುಖವಾಗಿ ಆಗಲಿ. ಇದು ಮನಸ್ಸಿನಿಂದ ಬರೆದ ಮಾತು.

ಇಂತಿ,
ಹೊಳೆವ್ವನ ಮಗಳು
ನೀಲವ್ವ

ತಾ.ಕ.: ನಾಲ್ಕು ತಿಂಗಳು ಎಂದು ಬರೆದದ್ದು ಸುಳ್ಳು. ಅಳಿಸಲು ಹೋದೆ, ಕಾಗದ ಹರಿಯುವಂತಾಯಿತು. ಚೀಲ ಸುರಿದ ಆ ದಿನವೇ, ಹಳಿಯಾಳದ ಸ್ಟ್ಯಾಂಡಿನಲ್ಲಿ ತೇರಗಾಂವದ ಬಸ್ಸಿಗೆ ಕಾಯುತ್ತ ಸೋಪನ್ನು ತಡವುತ್ತಿದ್ದಾಗ ತಿರುಪು ಬೆರಳಿಗೆ ಚುಚ್ಚಿತು. ಎದುರಿಗೇ ದಾಂಡೇಲಿಯ ಬಸ್ಸು ಹೊರಟು ನಿಂತಿತ್ತು. ಹತ್ತಿದ್ದರೆ ಆ ಹೆಂಗಸರು ಪಡಸಾಲೆಯಿಂದ ಏಳುವ ಮೊದಲೇ ಬಂದು ತೋರಿಸಬಹುದಿತ್ತು. ಕಂಡಕ್ಟರ್ ನನ್ನನ್ನೇ ನೋಡಿ, "ದಾಂಡೇಲಿ ಏನ್ರಿ ಅಕ್ಕಾರ? ಹತ್ರಿ, ಜಾಗಾ ಐತಿ" ಎಂದ. ನಾನು ಪೊಟ್ಟಣ ಕಟ್ಟಿ ಚೀಲದ ತಳಕ್ಕೆ ಇಟ್ಟು, "ಇಲ್ಲಪಾ, ನಾ ಅಲ್ಲಿಂದನ ಬಂದೇನಿ" ಎಂದೆ.